ಬೊಲೆರೊದಲ್ಲಿ ಮಂಚ: ಒಳಗೆ ಕೂತಿತು, ಹೊರಗೆ ಬರಲಿಲ್ಲ

2025ರ ಮಾರ್ಚ್ 16, ರವಿವಾರ, ಸಂಜೆ ಆರೂವರೆ. ಗಾಡಿಯ ಹಿಂಬಾಗಿಲ ಮುಂದೆ ನಾಲ್ಕು ಜನ ನಿಂತಿದ್ದೆವು: ನಾನು, ವೆಲ್ಡಿಂಗ್ ಹುಡುಗ, ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು. ಒಳಗೆ ಕಬ್ಬಿಣದ ಚೌಕಟ್ಟು ಅಚ್ಚಿನಲ್ಲಿ ಹೊಯ್ದ ಹಾಗೆ ಕೂತಿತ್ತು. ಹೊರಗೆ ತೆಗೆದು ಪೂರ್ತಿ ವೆಲ್ಡ್ ಹೊಡೆಯುವುದಷ್ಟೇ ಬಾಕಿ. ಓರೆ ಮಾಡಿದೆವು, ಎತ್ತಿದೆವು, ಮುಂದಿನ ಸೀಟಿನ ಕಡೆ ದಬ್ಬಿ ತಿರುಗಿಸಿದೆವು. ಬರಲಿಲ್ಲ. ಚೌಕಟ್ಟಿನ ಅಗಲ 50 ಇಂಚು, ಬಾಗಿಲಿನ ಅಗಲ 38. ಗಾಡಿಯೊಳಗೆ ಹನ್ನೊಂದು ಕಡೆ ಟೇಪು ಹಿಡಿದು ವಹಿಯಲ್ಲಿ ಬರೆದುಕೊಂಡಿದ್ದೆ. ಬಾಗಿಲಿಗೆ ಮಾತ್ರ ಹಿಡಿದಿರಲಿಲ್ಲ.

ಕೆಲಸ ಈಗ ಮುಗಿದಿದೆ. ಹಳೆ ಗಾಡಿಯಲ್ಲಿ ಇಂಥದ್ದೇ ಮಾಡಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು ತಾರೀಕಿನ ಪ್ರಕಾರ ಬರೆದಿದ್ದೇನೆ. ಅಳತೆಗಳೆಲ್ಲ ನನ್ನ ಗಾಡಿಯವು. ನಿಮ್ಮದರಲ್ಲಿ ಎರಡು ಇಂಚು ಆಚೀಚೆ ಆಗಬಹುದು, ನೀವೇ ಅಳೆಯಿರಿ. ಬಾಗಿಲಿನಿಂದ ಶುರು ಮಾಡಿ.

ಗಾಡಿ ಎರಡನೇ ಕೈಯಿಂದ ಕೊಂಡ ಬೊಲೆರೊ, ನಾಲ್ಕು ಗಾಲಿಗೂ ಎಳೆತ ಇರುವಂಥದ್ದು. ಹಿಂದೆ ಎದುರುಬದುರು ಎರಡು ಪಕ್ಕದ ಸೀಟು, ಸ್ಟೆಪ್ನಿ ಹಿಂಬಾಗಿಲ ಮೇಲೆ. ಮಳೆಗಾಲದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಾಡಿನ ಊರುಗಳಾದ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ರಾತ್ರಿ ಅಲ್ಲೇ ಉಳಿಯಬೇಕೆಂಬ ಆಸೆ ನನ್ನದು. ಆದರೆ ಮನೆಯಲ್ಲಿ ಇರುವುದು ಇದೊಂದೇ ಗಾಡಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಮದುವೆಗೆ, ಆಸ್ಪತ್ರೆಗೆ ಏಳೂ ಸೀಟು ಬೇಕು. ಆರ್‌ಸಿ ಪುಸ್ತಕದಲ್ಲೂ ಏಳು ಅಂತಲೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಲು ಬಿಡುವುದಿಲ್ಲ. ಹಾಗಾಗಿ ಶರತ್ತು ಎರಡು: ಗಾಡಿಗೆ ಒಂದೇ ಒಂದು ಹೊಸ ತೂತು ಹೊಡೆಯಬಾರದು, ಮತ್ತು ಅರ್ಧ ಗಂಟೆಯೊಳಗೆ ಎಲ್ಲ ತೆಗೆದು ಸೀಟು ಹೊಳ್ಳಿ ಕೂಡಿಸಲು ಬರಬೇಕು. ಮಂಚ ಮಾಡುವುದು ಸುಲಭ. ತೆಗೆಯಲು ಬರುವ ಮಂಚವೇ ಮೂರು ತಿಂಗಳು ತಿಂದಿತು.

ಮಾರ್ಚ್ 9. ಅಳತೆ

ಪಕ್ಕದ ಸೀಟು ಬಿಚ್ಚಿದೆ. ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರಿಂದ ಒಂದೂ ಮುರಿಯಲಿಲ್ಲ. ಇದೊಂದು ಕೆಲಸ ನಾನು ಮೊದಲ ಸಲಕ್ಕೇ ಸರಿಯಾಗಿ ಮಾಡಿದ್ದು.

ಹಿಂದಿನ ಗಾಲಿಗಳ ಮೇಲೆ ಗಾಡಿಯೊಳಕ್ಕೆ ಉಬ್ಬಿದ ಎರಡು ಗಾಲಿಗೂಡುಗಳ ನಡುವೆ 41 ಇಂಚು. ಗೂಡಿನ ಮೇಲ್ಗಡೆ, ಕಿಟಕಿ ಮಟ್ಟದಲ್ಲಿ 52. ಹಿಂಬಾಗಿಲಿಂದ ನಡುವಿನ ಸೀಟಿನ ಬೆನ್ನಿನವರೆಗೆ 37 ಇಂಚು ನಾಲ್ಕು ಸೂತು, ಅಂದರೆ ಮೂವತ್ತೇಳೂವರೆ. ಆ ಸೀಟಿನ ಬೆನ್ನು ಮಗುಚಿ, ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ಸರಿಸಿದರೆ ಒಟ್ಟು ಉದ್ದ 74. ನನ್ನ ಎತ್ತರ 5 ಅಡಿ 8 ಇಂಚು, ಅಂದರೆ 68. ಸಾಕು. ನೆಲದಿಂದ ಛಾವಣಿಗೆ 46.

ಮಗುಚಿದ ಸೀಟಿನ ಎತ್ತರ ಅಳೆಯಲಿಲ್ಲ. ಬಾಗಿಲ ವಿಷಯ ಆಗಲೇ ಹೇಳಿದೆ.

ಮಾರ್ಚ್ 15 ಮತ್ತು 16. ಕಬ್ಬಿಣ

ಒಂದು ಇಂಚಿನ ಚೌಕ ಪೈಪು, 16 ಗೇಜು, 20 ಅಡಿಯ ನಾಲ್ಕು. ತೂಕ 28 ಕೆಜಿ, ಕೆಜಿಗೆ 76 ರೂಪಾಯಿಯಂತೆ 2,128. ಇಬ್ಬರು ಮಲಗಬಹುದಲ್ಲ ಎಂಬ ದುರಾಸೆಗೆ ಗಾಲಿಗೂಡಿನ ಮೇಲೂ ರೆಕ್ಕೆ ಚಾಚಿ 50 ಇಂಚು ಅಗಲ ಮಾಡಿದೆ. ಎತ್ತರ 10.

ಸರಿಯಾಗಿ ಕೂಡಲಿ ಎಂದು ತುಂಡುಗಳನ್ನು ಗಾಡಿಯೊಳಗೇ ಇಟ್ಟು ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿಯಷ್ಟು ವೆಲ್ಡ್, ಹೊಡೆಸಿದೆ. ಬ್ಯಾಟರಿಯ ಎರಡೂ ವೈರು ಬಿಚ್ಚಿ, ಸೀಟಿನ ಮೇಲೆ ತೋಯಿಸಿದ ಗೋಣಿಚೀಲ ಹಾಸಿದ್ದೆವು. ಆದರೂ ಕಿಡಿಯೊಂದು ಛಾವಣಿಯ ಬಟ್ಟೆಗೆ ಹಾರಿ ಹುರಿಗಡಲೆಯಷ್ಟು ತೂತಾಯಿತು. ಈಗಲೂ ಮಲಗಿದಾಗ ಕಣ್ಣಿಗೆ ನೇರ ಅದೇ ಕಾಣುತ್ತದೆ. ಗಾಡಿಯೊಳಗೆ ವೆಲ್ಡಿಂಗ್ ಮಾಡಿಸಬೇಡಿ. ಕೆಳಗೆ ಡೀಸೆಲ್ ಟ್ಯಾಂಕಿದೆ ಎಂಬುದು ನನಗೆ ಕೆಲಸ ಮುಗಿದ ಮೇಲೆ ಹೊಳೆಯಿತು.

ಆಮೇಲೆ ಆದದ್ದು ಮೇಲೆ ಬರೆದಿದ್ದೇನೆ. ವೆಲ್ಡಿಂಗಿಗೆ 900 ರೂಪಾಯಿ. ಹುಡುಗ ದುಡ್ಡು ಇಸಿದುಕೊಳ್ಳುತ್ತ, "ಅಣ್ಣಾರ, ಇದನ್ನ ಒಳಗಽ ಬಿಟ್ಟ ಬಿಡ್ರಿ" ಎಂದ. ನಗಲಿಲ್ಲ, ನಿಜವಾಗಿಯೇ ಹೇಳಿದ.

ಮಾರ್ಚ್ 23. ಎರಡು ಹೋಳು, ಎರಡನೇ ತಪ್ಪು

ಗ್ರೈಂಡರ್ ಹಿಡಿದು ಚೌಕಟ್ಟನ್ನು ಉದ್ದಕ್ಕೆ ಎರಡು ಹೋಳು ಮಾಡಿ ಹೊರತೆಗೆದೆವು. ನಡುವೆ ಪಟ್ಟಿ ಇಟ್ಟು ಬೋಲ್ಟಿನಿಂದ ಕೂಡಿಸಿದರಾಯಿತು ಎಂದುಕೊಂಡು ಹೊಳ್ಳಿ ಒಳಗಿಟ್ಟು, ನಡುವಿನ ಸೀಟು ಮಗುಚಿದೆ. ಮಗುಚಿದ ಬೆನ್ನು ಚೌಕಟ್ಟಿಗಿಂತ ಮೂರು ಇಂಚು ಮೇಲೆ ನಿಂತಿತು. ಸೀಟು 13, ನನ್ನದು 10. ಸೊಂಟದ ಹತ್ತಿರ ಮೆಟ್ಟಿಲಿರುವ ಹಾಸಿಗೆ.

ಕಾಲುಗಳಿಗೆ ಮೂರು ಇಂಚು ಜೋಡಿಸಬಹುದಿತ್ತು. ಆದರೆ ಅಷ್ಟರಲ್ಲಿ ಚೌಕಟ್ಟು ತೂಗಿ ನೋಡಿದ್ದೆ: 24 ಕೆಜಿ. ಮೇಲೆ 18 ಎಂಎಂ ಪ್ಲೈವುಡ್ ಹಾಕಿದರೆ ಇನ್ನೂ 28. ಒಟ್ಟು 52 ಕೆಜಿ ಎತ್ತಿಳಿಸುವುದಾದರೆ ಪ್ರತಿ ಸಲ ಪಕ್ಕದ ಮನೆಯವರನ್ನು ಕರೆಯಬೇಕು, ಪ್ರತಿ ಸಲ ಚಹಾ ಮಾಡಿಸಬೇಕು. ಗುಜರಿಗೆ ಕೊಟ್ಟೆ. ಕೆಜಿಗೆ 30ರಂತೆ 720 ರೂಪಾಯಿ ಬಂತು.

ಅವ್ವ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. "ನಿಮ್ಮ ಅಜ್ಜ ಗುಡ್ಡಕ್ಕ ಹೋಗುವಾಗ ಚಕ್ಕಡ್ಯಾಗ ಹುಲ್ಲ ಹಾಸಿ, ಮ್ಯಾಲ ಜಮಖಾನಿ ಹಾಸ್ತಿದ್ದ. ತಲಿ ಕಡೆ ರೊಟ್ಟಿ ಬುಟ್ಟಿ, ಕಾಲ ಕಡೆ ಹಿಟ್ಟಿನ ಚೀಲ. ಎತ್ತು ಹುಲ್ಲ ತಿಂದ್ರ ಹಾಸಗಿ ಖಾಲಿ. ಅದಕ್ಕ ಬೋಲ್ಟ್ ಗೀಲ್ಟ್ ಏನೂ ಇರಲಿಲ್ಲ ನೋಡು" ಅಂದಳು. ತೆಗೆಯಲು ಬರುವ ಮಂಚ ಅದಕ್ಕಿಂತ ಚೆನ್ನಾಗಿ ಆಗಲಾರದು.

ಮುಂದಿನ ವಾರ ಅಮಾವಾಸ್ಯೆ, ಮರುದಿನ ಯುಗಾದಿ. ಕೆಲಸ ನಿಂತಿತು.

ಏಪ್ರಿಲ್ 6. ಬಡಿಗೇರ ಕಾಕಾ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆಯ ಬಾಗಿಲು ಮಾಡಿಕೊಟ್ಟ ಬಡಿಗೇರ ಕಾಕಾ ಇದ್ದಾರೆ. ಗಾಡಿ ಅವರ ಅಂಗಡಿ ಮುಂದೆ ನಿಲ್ಲಿಸಿ ನನ್ನ ನಕಾಶೆ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ.

"ಇದರಾಗ ಏನ ಇಡಾಂವ ಅದಿ?"

"ಸಾಮಾನ, ಕಾಕಾ."

"ಅದಽ, ಯಾವ ಸಾಮಾನ? ಎದರಾಗ ಇಡತಿ? ಮೊದಲ ಅದನ್ನ ತಗೊಂಡ ಬಾ. ಪೆಟಗಿ ಆಮ್ಯಾಲ ಮಾಡೂಣು."

ಆ ತನಕ ನನ್ನ ತಲೆಯಲ್ಲಿದ್ದದ್ದು ಡ್ರಾವರ್. ಡ್ರಾವರ್ ಜಾರಿಸುವ, 45 ಕೆಜಿ ಭಾರ ತಡೆಯುವ ಚಾನೆಲ್ ಒಂದು ಜೊತೆ 850 ರೂಪಾಯಿ ಕೊಟ್ಟು ತಂದೂ ಆಗಿತ್ತು. ಕಾಕಾ ಅದನ್ನು ಎಳೆದು ಬಿಟ್ಟು ನೋಡಿ, "ಧೂಳಿನ್ಯಾಗ ಇದರ ಗುಂಡ ನಾಕ ದಿನಾ ತಿರಗೂದಿಲ್ಲ" ಎಂದು ಹಿಂದೆ ಕೊಟ್ಟರು. ಅದು ಇನ್ನೂ ಡಬ್ಬಿಯಲ್ಲೇ ಇದೆ. ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ಬದಲಿಗೆ ಟೊಮೆಟೊ ಕ್ರೇಟು ತಂದೆ. ಬಳಸಿದ ಮೂರು ಕ್ರೇಟಿಗೆ 540 ರೂಪಾಯಿ. ಉದ್ದ ಇಪ್ಪತ್ತೊಂದೂವರೆ ಇಂಚು, ಅಗಲ ಹದಿನಾಲ್ಕೂವರೆಗೆ ಕೂದಲೆಳೆ ಕಡಿಮೆ, ಎತ್ತರ ಹನ್ನೊಂದೂವರೆಗೆ ಒಂದು ಸೂತು ಹೆಚ್ಚು. ಇದರ ಮೇಲೆ ಅರ್ಧ ಇಂಚು ಆಟ ಬಿಟ್ಟು ಅರ್ಧ ಇಂಚಿನ ಪ್ಲೈವುಡ್ ಇಟ್ಟರೆ ಸುಮಾರು ಹನ್ನೆರಡೂಮುಕ್ಕಾಲು. ಸೀಟಿನ ಎತ್ತರ 13. ಇಷ್ಟು ಚೆನ್ನಾಗಿ ಹೊಂದೀತು ಎಂದು ನಾನು ಅಂದುಕೊಂಡಿರಲಿಲ್ಲ.

ನಾನು 20-20 ಇಂಚಿನ ಎರಡು ಸಮಾನ ಪೆಟ್ಟಿಗೆ ಎಂದಿದ್ದೆ. ಹಾಗೆ ಮಾಡಿದ್ದರೆ ಒಳಗೆ 19 ಇಂಚು ಉಳಿದು, ಕ್ರೇಟು ಅಡ್ಡ ಕೂರುತ್ತಿರಲಿಲ್ಲ, ಉದ್ದಕ್ಕಿಟ್ಟರೆ ಪಕ್ಕದಲ್ಲಿ ನಾಲ್ಕೂವರೆ ಇಂಚು ದಂಡ. ಕಾಕಾ ನೆಲದ ಮೇಲೆ ಕ್ರೇಟು ತಿರುಗಿಸಿ ತಿರುಗಿಸಿ ಇಟ್ಟು, ಸುಣ್ಣದ ಗೆರೆ ಎಳೆದು ಹೇಳಿದರು: ಒಂದು 24, ಒಂದು 16. ದೊಡ್ಡದರಲ್ಲಿ ಎರಡು ಕ್ರೇಟು ಅಡ್ಡ, ಸಣ್ಣದರಲ್ಲಿ ಒಂದು ಉದ್ದಕ್ಕೆ, ಅದರ ಹಿಂದೆ ನೀರಿನ ಕ್ಯಾನು. ಎರಡೂ ಸೇರಿ 40, ಗಾಲಿಗೂಡಿನ ನಡುವೆ ಒಂದು ಇಂಚು ಸಡಿಲ. 38 ಇಂಚಿನ ಬಾಗಿಲಲ್ಲಿ ಎರಡೂ ಬೇರೆಬೇರೆಯಾಗಿ ಆರಾಮ ಹೊರಗೆ.

ಏಪ್ರಿಲ್ 12 ಮತ್ತು 13. ಪೆಟ್ಟಿಗೆ

12 ಎಂಎಂ ಪ್ಲೈವುಡ್, ನೀರು ತಡೆಯುವ ಬಿಡಬ್ಲ್ಯುಆರ್ ದರ್ಜೆ, ಹಾಳೆಯ ಮೇಲೆ ಐಎಸ್ 303 ಮುದ್ರೆ ನೋಡಿ ತಂದದ್ದು. 8 ಅಡಿ 4 ಅಡಿಯ ಎರಡು ಹಾಳೆ, ಒಂದಕ್ಕೆ 2,450. ಕೊಯ್ಯಿಸಲು 300. ಗರಗಸದ ಬ್ಲೇಡು ಪ್ರತಿ ಕೊಯ್ತಕ್ಕೆ 3 ಎಂಎಂ ತಿನ್ನುತ್ತದೆ. ನಾನು ಕಾಗದದ ಮೇಲೆ ತುಂಡಿಗೆ ತುಂಡು ಅಂಟಿಸಿ ಬರೆದಿದ್ದರಿಂದ ಕೊನೆಯ ಪಟ್ಟಿ ಅರ್ಧ ಇಂಚು ಕಡಿಮೆ ಬಂತು. ಅದು ಒಳಬದಿಯ ಗೋಡೆಯಾದ್ದರಿಂದ ನಡೆಯಿತು.

ಪೆಟ್ಟಿಗೆಗೆ ತಳವಿಲ್ಲ. ಮೇಲ್ಹಲಗೆ, ಎರಡು ಪಕ್ಕ, ಒಳತುದಿಗೆ ಒಂದು ಗೋಡೆ ಅಷ್ಟೇ. ಕ್ರೇಟು ಗಾಡಿಯ ಮ್ಯಾಟಿನ ಮೇಲೆಯೇ ಸರಿಯುತ್ತದೆ. ತಳ ಬಿಟ್ಟಿದ್ದಕ್ಕೆ ಎಂಟು ಕೆಜಿ ಹತ್ತಿರ ಉಳಿಯಿತು. ಮೊದಲ ಮೂಲೆಗೆ ನಾನೇ ಒಂದೂವರೆ ಇಂಚಿನ ಸ್ಕ್ರೂವನ್ನು ಪ್ಲೈವುಡ್ಡಿನ ಅಂಚಿಗೆ ನೇರ ಹೊಡೆದೆ. ಪದರ ಬಿಚ್ಚಿಕೊಂಡು ಪುಸ್ತಕದ ಹಾಗೆ ಹರಡಿತು. ಕಾಕಾ ಏನೂ ಅನ್ನದೆ ಎಲ್ಲ ಮೂಲೆಗೆ ಒಳಗಡೆ ಒಂದು ಇಂಚಿನ ಸಾಗವಾನಿ ಪಟ್ಟಿ ಇಟ್ಟು, ಅಂಟು ಹಚ್ಚಿ, ಸ್ಕ್ರೂವನ್ನು ಅದಕ್ಕೆ ಕೂಡಿಸಿದರು. ದೊಡ್ಡ ಪೆಟ್ಟಿಗೆ 13 ಕೆಜಿ, ಸಣ್ಣದು 10. ಅವರ ಎರಡು ದಿನದ ಪಗಾರ 2,200, ಪಟ್ಟಿಗಳಿಗೆ 650.

ಏಪ್ರಿಲ್ 20. ಬಿಜಾಗರಿ

ಪೆಟ್ಟಿಗೆಯಿಂದ ಮುಂದಿನ ಸೀಟಿನವರೆಗೆ ಇನ್ನೂ 36 ಇಂಚು ಹಲಗೆ ಬೇಕು. ಹಿಂದಿನ ತುದಿ ಪೆಟ್ಟಿಗೆಗೆ, ನಡುಭಾಗ ಮಗುಚಿದ ಸೀಟಿನ ಮೇಲೆ, ಮುಂದಿನ ತುದಿಗೆ ಎರಡು ಕಾಲು. ಅಲ್ಲಿ ಗಾಡಿಯ ನೆಲ ನಾಲ್ಕು ಇಂಚು ತಗ್ಗು. ಹಾಗಾಗಿ ಕಾಲು ಹದಿನಾರೂವರೆ ಇಂಚು, ಉಳಿದ ಚೌಕ ಪೈಪಿನಿಂದ ಮಾಡಿದ್ದು.

ಮಡಚುವ ಹಾಗಿರಲಿ ಎಂದು ಉದ್ದನೆಯ ಪಿಯಾನೊ ಬಿಜಾಗರಿ ತಂದು, ಕಾಕಾನನ್ನು ಕೇಳದೆ ನಾನೇ ಕೂಡಿಸಿದೆ. ಮುಕ್ಕಾಲು ಇಂಚಿನ ಸ್ಕ್ರೂ, ಅರ್ಧ ಇಂಚಿನ ಹಲಗೆ. ಕೆಳಗೆ ಇಪ್ಪತ್ತೆರಡು ಮುಳ್ಳು ಎದ್ದವು. ಹಲಗೆ ಎತ್ತಲು ಕೆಳಗೆ ಕೈ ಹಾಕಿದಾಗ ಗೊತ್ತಾಯಿತು. ಸಣ್ಣ ಸ್ಕ್ರೂ ಹಾಕಿದರೆ ಹಿಡಿಯಲಿಲ್ಲ, ನಾನು ಮೇಲೆ ಮಂಡಿಯೂರಿದ ಕೂಡಲೇ ಮೂರು ಕಿತ್ತು ಬಂದವು. 260 ರೂಪಾಯಿ ಮತ್ತು ಒಂದು ಟಿಟಿ ಇಂಜೆಕ್ಷನ್.

ಕೊನೆಗೆ ಬಿಜಾಗರಿಯೇ ಬೇಡವಾಯಿತು. ಪೆಟ್ಟಿಗೆಯ ಒಳತುದಿಗೆ, ಮೇಲ್ಮಟ್ಟದಿಂದ ಅರ್ಧ ಇಂಚು ಕೆಳಗೆ ಒಂದು ಪಟ್ಟಿ. ಹಲಗೆ ಅದರ ಮೇಲೆ ಸುಮ್ಮನೆ ಕೂರುತ್ತದೆ. ಜಾರದಂತೆ ಎರಡು ಮರದ ಗೂಟ. ಕಾಲು ಸೇರಿ 8 ಕೆಜಿ, ಒಂದೇ ಕೈಯಲ್ಲಿ ಹೊರಗೆ ಬರುತ್ತದೆ.

ಏಪ್ರಿಲ್ 27. ಬೋಲ್ಟು

ಪೆಟ್ಟಿಗೆ ನೆಲಕ್ಕೆ ಬಿಗಿಯದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅದು ಬೆನ್ನಿಗೆ ಬರುತ್ತದೆ. ಪಕ್ಕದ ಸೀಟು ಬಿಚ್ಚಿದ ತೂತುಗಳು ಇದ್ದೇ ಇವೆ. ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ 5 ಎಂಎಂ ತಗಡಿನ ನಾಲ್ಕು ಎಲ್ ಪಟ್ಟಿ ಮಾಡಿಸಿದೆ. ಪೆಟ್ಟಿಗೆಯೊಳಗಿನಿಂದ ನೆಲಕ್ಕೆ ಎಂ10, ಅಂದರೆ 10 ಎಂಎಂ ದಪ್ಪದ, ಬೋಲ್ಟು.

ಎಂ10 ಎಂದರೆ ಎಲ್ಲ ಒಂದೇ ಎಂದುಕೊಂಡು ಅಂಗಡಿಯಲ್ಲಿ ಸಿಕ್ಕಿದ್ದು ತಂದೆ. ಎರಡು ಸುತ್ತು ಕೈಯಿಂದ ಹೋಯಿತು, ಆಮೇಲೆ ಬಿಗಿಯಾಯಿತು. ತುಕ್ಕು ಇರಬೇಕು ಎಂದು ಪಾನಾ ಹಾಕಿ ಎಳೆದೆ. ಪಿಚ್, ಅಂದರೆ ಥ್ರೆಡ್ಡಿನ ಗೆರೆಗಳ ನಡುವಿನ ಅಂತರ, ನಾನು ತಂದಿದ್ದರಲ್ಲಿ 1.5 ಎಂಎಂ, ಗಾಡಿಯದರಲ್ಲಿ 1.25. ನೆಲದ ಕೆಳಗೆ ಬೆಸೆದ ನಟ್ಟಿನ ಥ್ರೆಡ್ ಅರ್ಧ ಹಾಳಾಯಿತು. ಥ್ರೆಡ್ ಕೊರೆಯುವ 1.25ರ ಟ್ಯಾಪ್ ಬೇಡಿ ತಂದು, ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಮಾಡುತ್ತ ಸರಿ ಮಾಡಲು ಒಂದು ಮಧ್ಯಾಹ್ನ ಹೋಯಿತು. ಪುಣ್ಯಕ್ಕೆ ಹಿಡಿಯಿತು, ಇಲ್ಲದಿದ್ದರೆ ಸೀಟೂ ಕೂರುತ್ತಿರಲಿಲ್ಲ. ಅಂಗಡಿಗೆ ಹೋಗುವಾಗ ಹಳೆ ಬೋಲ್ಟು ಜೇಬಿನಲ್ಲಿರಲಿ. ಬೋಲ್ಟು ಕೈಬೆರಳಿನಿಂದಲೇ ಐದಾರು ಸುತ್ತು ಹೋಗದಿದ್ದರೆ ಪಾನಾ ಮುಟ್ಟಬೇಡಿ.

ಎರಡು ಪೆಟ್ಟಿಗೆ ಒಂದಕ್ಕೊಂದು ಬಿಗಿಯಲು ಟ್ರಂಕಿಗೆ ಹಾಕುವಂಥ ಎರಡು ಎಳೆಚಿಲಕ. ಪಟ್ಟಿ, ಬೋಲ್ಟು, ಚಿಲಕ, ಸ್ಕ್ರೂ ಎಲ್ಲ ಸೇರಿ 1,140.

ಮೇ 4. ರಾಜಹಂಸಗಡ

ಯಳ್ಳೂರಿನ ಕೋಟೆ ಏರುವ ದಾರಿಯಲ್ಲಿ ಪರೀಕ್ಷೆ. ಮಂಚ ಅಲುಗಲಿಲ್ಲ. ಸದ್ದು ಮಾತ್ರ ಭಜನಾ ಮೇಳದಂತೆ. ಮೇಲೆ ಹೋಗಿ ಹಿಂಬಾಗಿಲು ತೆಗೆದೆ, ಏರಿನಲ್ಲಿ ಹಿಂದಕ್ಕೆ ಜಾರಿ ಬಾಗಿಲಿಗೆ ಒರಗಿ ನಿಂತಿದ್ದ ಕ್ರೇಟು ಸೀದಾ ಪಾದದ ಮೇಲೆ ಬಿತ್ತು. ಒಳಗೆ ಕುಕ್ಕರ್ ಇತ್ತು.

ಕ್ರೇಟಿಗೆ ಪರಿಹಾರ: ಪೆಟ್ಟಿಗೆಯ ಬಾಯಿಗೆ ಎರಡೂ ಕಡೆ ಉದ್ದನೆ ತೋಡು ಕೊರೆದು, ಮೇಲಿಂದ ಇಳಿಸುವ ಎರಡು ಇಂಚಿನ ಅಡ್ಡಪಟ್ಟಿ. ಸದ್ದಿಗೆ ಪರಿಹಾರ: ಟ್ರ್ಯಾಕ್ಟರಿನ ಹಳೆ ಟ್ಯೂಬು ಪಟ್ಟಿ ಪಟ್ಟಿ ಕತ್ತರಿಸಿ ಮರ ಕಬ್ಬಿಣ ಕೂಡುವಲ್ಲೆಲ್ಲ ಇಟ್ಟದ್ದು. ಪಂಕ್ಚರ್ ಅಂಗಡಿಯವ ಪುಕ್ಕಟೆ ಕೊಟ್ಟ.

ಮೇ ತಿಂಗಳು. ಗಾದಿ ಮತ್ತು ಕಾರ್ಪೆಟ್

ಎರಡು ಇಂಚಿನ ಫೋಮು, 40 ಡೆನ್ಸಿಟಿ, ಮೂರು ತುಂಡು, 2,100. ಕವರಿನ ಬಟ್ಟೆ ಮತ್ತು ಹೊಲಿಗೆ 900. ಮೇಲೆ ಅವ್ವನ ಕೌದಿ. ಛಾವಣಿಗೆ ಉಳಿದದ್ದು 31 ಇಂಚು. ನೆಟ್ಟಗೆ ಕೂರಲು ಬರುವುದಿಲ್ಲ, ಅಂಗಿ ಬದಲಿಸಬೇಕಾದರೂ ಮಲಗಿಯೇ. ಸೀಟು ಎತ್ತರ ನಿರ್ಧರಿಸಿದ ಮೇಲೆ ಇದಕ್ಕೆ ಉಪಾಯವಿರಲಿಲ್ಲ. 40 ಇಂಚು ಅಗಲ ಒಬ್ಬನಿಗೆ ರಾಜಭೋಗ, ಇಬ್ಬರಿಗೆ ಜಗಳ.

ಚೆಂದ ಕಾಣಲಿ ಎಂದು ಪೆಟ್ಟಿಗೆಗೆ ಸುತ್ತಲೂ ಕಾರ್ಪೆಟ್ ಅಂಟಿಸಿದೆ. 1,050 ರೂಪಾಯಿಗೆ ಎರಡು ತೊಂದರೆ ಕೊಂಡೆ. ರಬ್ಬರ್ ಅಂಟಿನ ವಾಸನೆ ಐದು ದಿನ ಹೋಗಲಿಲ್ಲ. ಬಾಗಿಲು ಹಾಕಿ ಹತ್ತು ನಿಮಿಷ ಮಲಗಿದರೆ ತಲೆ ಸುತ್ತುತ್ತಿತ್ತು. ಜೊತೆಗೆ 3 ಎಂಎಂ ದಪ್ಪದ ಕಾರ್ಪೆಟ್ ನಾಲ್ಕು ಪಕ್ಕಕ್ಕೂ ಸೇರಿ ಅರ್ಧ ಇಂಚು ತಿಂದಿತು, ಟ್ಯೂಬಿನ ಪಟ್ಟಿ ಮಿಕ್ಕಿದ್ದನ್ನು. ಸಣ್ಣ ಪೆಟ್ಟಿಗೆ ಗಾಲಿಗೂಡಿನ ಪಕ್ಕ ಸಿಕ್ಕಿಕೊಂಡು, ಒದ್ದು ಹೊರತೆಗೆಯಬೇಕಾಯಿತು. ಪಕ್ಕದ ಕಾರ್ಪೆಟ್ ಎಲ್ಲ ಕಿತ್ತು ಹಾಕಿದೆ, ಮೇಲಿನದು ಉಳಿಸಿದೆ. ಕೊಯ್ದ ಅಂಚುಗಳಿಗೆ ಎರಡು ಕೈ ವಾರ್ನಿಶ್ ಹೊಡೆದೆ.

ಜೂನ್ 14. ಮೊದಲ ರಾತ್ರಿ

ಆ ಕಡೆಯ ಭೀಮಗಡ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ಅನುಮತಿಯಿಲ್ಲದೆ ಆ ಕಾಡಿನಲ್ಲಿ ಗಾಡಿ ನಿಲ್ಲಿಸಿ ಮಲಗುವಂತಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಹತ್ತಿರ ಗೆಳೆಯನ ಅತ್ತೆಯ ಮನೆ. ಅವರ ಅಂಗಳದಲ್ಲಿ ನಿಲ್ಲಿಸಿದೆ. ಅಡುಗೆ ಹೊರಗೆ ತಗಡಿನ ಕೆಳಗೆ. ಗಾಡಿಯೊಳಗೆ ಸ್ಟೋವ್ ಹಚ್ಚಬಾರದು, ಮಳೆ ಎಷ್ಟೇ ಇರಲಿ. ಎರಡೂ ಕಡೆ ಗಾಜು ನಾಲ್ಕು ಬೆರಳು ಇಳಿಸಿ, ಬಾಗಿಲ ಚೌಕಟ್ಟಿಗೆ ಸೊಳ್ಳೆ ಪರದೆ ಅಯಸ್ಕಾಂತದಿಂದ ಅಂಟಿಸಿದ್ದೆ.

ರಾತ್ರಿ ಎರಡಕ್ಕೆ ಮಗ್ಗಲು ಬದಲಿಸಿದೆ, ಮುಂದಿನ ಹಲಗೆಯ ಒಂದು ಕಾಲು ಒದ್ದೆ ಮ್ಯಾಟಿನ ಮೇಲೆ ಜಾರಿ, ತಲೆ ಕೆಳಗಾಯಿತು. ಕತ್ತಲಲ್ಲಿ ಚಪ್ಪಲಿ ಒತ್ತಿಟ್ಟು ಬೆಳಗು ಮಾಡಿದೆ. ಊರಿಗೆ ಬಂದ ಮೇಲೆ ಊರುಗೋಲಿನ ರಬ್ಬರ್ ಬುಡ ಹಾಕಿದೆ, 20 ರೂಪಾಯಿಗೆ ಎರಡು.

ಬೆಳಿಗ್ಗೆ ಗಾದಿ ಎತ್ತಿದರೆ ಅಡಿಭಾಗ ತೊಯ್ದಿತ್ತು. ಎಲ್ಲಿಂದಲೂ ಸೋರಿಲ್ಲ. ಮೈಯ ಬೆವರಿನ ಹವೆ ಫೋಮು ದಾಟಿ ತಣ್ಣನೆ ಹಲಗೆಗೆ ತಾಗಿ ನೀರಾದದ್ದು. ಹಲಗೆಗೆ ಆರಾರು ಇಂಚಿಗೆ ಒಂದರಂತೆ ಒಂದು ಇಂಚಿನ ತೂತು ಹೊಡೆದಿದ್ದೇನೆ. ಎರಡನೇ ಸಲ ಹೋದಾಗ ಹೆಚ್ಚುಕಡಿಮೆ ಒಣಗಿಯೇ ಇತ್ತು.

ಖರ್ಚು

ಕೆಲಸಕ್ಕೆ ಬಂದದ್ದು 13,780 ರೂಪಾಯಿ, ಊರುಗೋಲಿನ ರಬ್ಬರು ಬಿಟ್ಟು. ಕಬ್ಬಿಣ, ವೆಲ್ಡಿಂಗ್, ಚಾನೆಲ್, ಬಿಜಾಗರಿಗೆ ಹಾಳಾದದ್ದು, ಗುಜರಿಯಿಂದ ಬಂದದ್ದು ಕಳೆದು, 3,418. ಕಾರ್ಪೆಟ್ಟನ್ನು ಯಾವ ಕಡೆ ಸೇರಿಸಬೇಕೆಂದು ಹೆಂಡತಿ ಕೇಳಿದಳು. ಮೊದಲನೆಯದರಲ್ಲೇ ಬರೆದಿದ್ದೇನೆ.

ಜುಲೈ 6

ಅವ್ವನನ್ನು, ಅತ್ತೆಯವರನ್ನು ಸವದತ್ತಿಗೆ ಕರೆದೊಯ್ಯಬೇಕಿತ್ತು. ಹಲಗೆ, ಎರಡು ಪೆಟ್ಟಿಗೆ, ನಾಲ್ಕು ಬೋಲ್ಟು, ಒಬ್ಬನೇ ತೆಗೆದು ಗೋಡೆಗೆ ಒರಗಿಸಲು ಹನ್ನೊಂದು ನಿಮಿಷ. ಸೀಟು ಕೂಡಿಸಲು ಹದಿನಾರು. ಆದರೆ ಹೊರಟದ್ದು ಒಂದು ತಾಸು ತಡವಾಗಿ. ಎಡಸೀಟಿನ ಒಂದು ಬೋಲ್ಟು ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕಿದೆವು. ಏಪ್ರಿಲ್ 27ರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು.